ಗಾಳಿಕಂಬದ ಬುಡದಲ್ಲಿ ಸಿಗದ ಲೆಕ್ಕ

(ರಾಜೇಶ್ವರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗಾಳಿಯಿಂದ ವಿದ್ಯುತ್ ಮಾಡುವುದು ಒಳ್ಳೆಯದೋ ಕೆಟ್ಟದೋ ಎಂಬ ವಾದಕ್ಕೆ ನಾನು ಬಂದಿಲ್ಲ. ನನ್ನ ಮಟ್ಟಿಗೆ ಅದು ಇತ್ಯರ್ಥವಾದ ಮಾತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಬೂದಿ ನೋಡಿದವರಿಗೆ, ಕಲ್ಯಾಣ ಕರ್ನಾಟಕದ ಮೇ ತಿಂಗಳನ್ನು ಹೊಲದಲ್ಲಿ ಕಳೆದವರಿಗೆ ಗಾಳಿ ವಿದ್ಯುತ್ ಯಾಕೆ ಬೇಕು ಎಂದು ನಾನು ಹೇಳಬೇಕಿಲ್ಲ. ನನ್ನ ಪ್ರಶ್ನೆ ಅದರ ನಂತರದ್ದು. ಅಭಯಾರಣ್ಯದ ಮಗ್ಗುಲಲ್ಲಿ, ಅಥವಾ ಅಭಯಾರಣ್ಯದ ಹೆಸರಿಲ್ಲದಿದ್ದರೂ ಪ್ರಾಣಿ ಪಕ್ಷಿಗಳು ಬದುಕಿಕೊಂಡಿರುವ ಮಡ್ಡಿಯ ಮೇಲೆ ಗಾಳಿಯಂತ್ರದ ಫ್ಯಾನ್ ನಿಂತರೆ ಅಲ್ಲಿನ ಜೀವಗಳಿಗೆ ಏನಾಗುತ್ತದೆ ಎಂದು ತಿಳಿಯುವುದು ಹೇಗೆ? ಯಾರು ಅಳೆಯಬೇಕು, ಯಾವಾಗ ಅಳೆಯಬೇಕು, ಏನನ್ನು ಅಳೆಯಬೇಕು? ಕಂಬದ ಬುಡದಲ್ಲಿ ಬಿದ್ದ ಸತ್ತ ಹಕ್ಕಿಗಳನ್ನು ಎಣಿಸಿದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಅದು ಸಾಲದು, ಅಷ್ಟೇ ಅಲ್ಲ, ಅದೊಂದನ್ನೇ ನೆಚ್ಚಿಕೊಂಡರೆ ತಪ್ಪು ಉತ್ತರ ಸಿಗುತ್ತದೆ ಎಂಬುದೇ ಇವತ್ತು ನಾನು ಹೇಳಬೇಕೆಂದಿರುವ ಮಾತು.

ಮೊದಲು ನೆಲದ ವಿಚಾರ. ಬೀದರಿನಿಂದ ಹುಮನಾಬಾದಿನ ಕಡೆಗೆ ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು, ಬಸವಕಲ್ಯಾಣದ ಕಡೆಗೆ ಕಪ್ಪು ಎರಿ ನೆಲ. ಮಳೆಗಾಲದ ಪಡುವಣ ಗಾಳಿಗೆ ಇಲ್ಲಿ ದೊಡ್ಡ ಅಡ್ಡಿಯಿಲ್ಲ. ಹಿಂದೆ ಗಾಳಿಯಂತ್ರ ಎಂದರೆ ಗುಡ್ಡದ ನೆತ್ತಿ ಎಂದೇ ಲೆಕ್ಕ. ಚಿತ್ರದುರ್ಗದ ಗುಡ್ಡಸಾಲು, ಗದಗದ ಕಪ್ಪತಗುಡ್ಡ ಮೊದಲು ತುಂಬಿದ್ದು ಅದಕ್ಕೇ. ಈಗ ಕಂಬದ ಎತ್ತರ ಬೆಳೆದಿದೆ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಂತೆ ನೆಲದಿಂದ 100 ಮೀಟರ್ ಎತ್ತರದಲ್ಲಿ ಕರ್ನಾಟಕದ ಗಾಳಿಯ ಸಾಮರ್ಥ್ಯ ಸುಮಾರು 56 ಸಾವಿರ ಮೆಗಾವ್ಯಾಟ್. 120 ಮೀಟರಿಗೆ ಏರಿದರೆ ಸುಮಾರು 1,24,000. ಎರಡೂ ಅಂದಾಜುಗಳ ವಿಧಾನ ಒಂದೇ ಅಲ್ಲ, ಆದರೂ ದಿಕ್ಕು ಸ್ಪಷ್ಟ. ಇಪ್ಪತ್ತು ಮೀಟರ್ ಮೇಲೆ ಹೋದರೆ ಗುಡ್ಡವಿಲ್ಲದ ಬಯಲೂ ಗಾಳಿಯ ನೆಲವಾಗುತ್ತದೆ. ಹಾಗಾಗಿ ಈ ಮಾತು ಇನ್ನು ಗುಡ್ಡದವರದು ಮಾತ್ರವಲ್ಲ, ನಮ್ಮದೂ ಹೌದು.

ಆ ಬಯಲಲ್ಲಿ ಯಾರಿದ್ದಾರೆ? ಚಿಗರಿ ಇದೆ, ತೋಳ ಇದೆ, ನರಿ ಇದೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ದಖ್ಖನ್ನಿನ ಹುಲ್ಲುಬಯಲು ಮತ್ತು ಹೊಲಗಳ ಮೇಲೆ ತಗ್ಗಿನಲ್ಲಿ ಹಾರುತ್ತ ಮಿಡತೆ ಹಿಡಿಯುತ್ತವೆ. ರಾತ್ರಿ ಮರದ ಮೇಲಲ್ಲ, ನೆಲದ ಹುಲ್ಲಲ್ಲೇ ಗುಂಪಾಗಿ ತಂಗುತ್ತವೆ. ಹುಮನಾಬಾದ್ ದಾಟಿ ಆಗ್ನೇಯಕ್ಕೆ ಹೋದರೆ ಚಿಂಚೋಳಿ ವನ್ಯಜೀವಿ ಧಾಮ. 2011ರಲ್ಲಿ ಘೋಷಣೆಯಾದದ್ದು, ಸುಮಾರು 135 ಚದರ ಕಿಲೋಮೀಟರ್. ಪಶ್ಚಿಮಕ್ಕೆ ಹೆದ್ದಾರಿ ಹಿಡಿದು ಸೊಲ್ಲಾಪುರ ಸೇರಿದರೆ ಅದರಾಚೆ ನಾನ್ನಜ್‌ನ ಎರೆಬೂತ ಅಭಯಾರಣ್ಯ. ಇವೆರಡರ ನಡುವಿನ ಬಯಲಿನ ಬಹುಪಾಲಿಗೆ ಯಾವ ಸಂರಕ್ಷಣೆಯ ಹೆಸರೂ ಇಲ್ಲ. ಪಹಣಿಯಲ್ಲಿ ಅದು ಗಾಯರಾಣ, ಇಲ್ಲವೇ ಬೀಳು, ಇಲ್ಲವೇ ಯಾರದೋ ಮಡ್ಡಿ ಹೊಲ. ಕೇಂದ್ರ ಸರ್ಕಾರದ ಬಂಜರು ಭೂಮಿ ನಕ್ಷೆಯಂತೂ ಹುಲ್ಲುಗಾವಲು, ಕುರುಚಲು ಎರಡನ್ನೂ ಬಂಜರಿನ ಪಟ್ಟಿಗೇ ಸೇರಿಸುತ್ತದೆ. ಒಂದು ತೋಳದ ಗುಂಪಿನ ತಿರುಗಾಟದ ಹರವು ನೂರಾರು ಚದರ ಕಿಲೋಮೀಟರ್. ಅಭಯಾರಣ್ಯದ ಗಡಿಕಲ್ಲು ಅದಕ್ಕೆ ಗೊತ್ತಿಲ್ಲ.

ಒಂದು ಮಾತು ನೆನಪಾಗುತ್ತದೆ. ಇಲ್ಲಿಂದ ಹತ್ತಿರದಲ್ಲೇ ಇರುವ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ಬೇಟೆಗೆ ಒಂದು ವಿನೋದ, ಸಾಕಿದ ಗಿಡುಗಕ್ಕೆ ಒಂದು ವಿನೋದ, ಮೀನಿಗೆ ಒಂದು. ಅವು ಕೊಲ್ಲಲಿಕ್ಕೆ ಬರೆದ ಅಧ್ಯಾಯಗಳು, ನಿಜ. ಆದರೆ ಬೇಟೆಗಾರನಿಗೆ ಜಿಂಕೆ ಎಲ್ಲಿ ಮೇಯುತ್ತದೆ, ಯಾವಾಗ ನೀರಿಗೆ ಬರುತ್ತದೆ ಎಂಬುದು ಗೊತ್ತಿರಲೇಬೇಕಲ್ಲ. ಗಾಳಿಯಂತ್ರದ ಕಡತದಲ್ಲಿ ನಾವು ಹುಡುಕಬೇಕಾದದ್ದು ಅದೇ ಮಾಹಿತಿ. ಸಾಮಾನ್ಯವಾಗಿ ಅಲ್ಲಿ ಇಲ್ಲದಿರುವುದೂ ಅದೇ.

ಯಾಕೆ ಇರುವುದಿಲ್ಲ ಎಂದರೆ, ಕಾನೂನು ಕೇಳುವುದಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಗಣಿ ಇದೆ, ಅಣೆಕಟ್ಟು ಇದೆ, ಸಕ್ಕರೆ ಕಾರ್ಖಾನೆ ಇದೆ. ಗಾಳಿ ವಿದ್ಯುತ್ ಇಲ್ಲ. ಆದ್ದರಿಂದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗಾಳಿ ವಿದ್ಯುತ್ತನ್ನು ಬಿಳಿ ವರ್ಗಕ್ಕೆ ಸೇರಿಸಿತು. ಹೊಗೆ ಇಲ್ಲ, ಕೊಳಚೆ ನೀರಿಲ್ಲ ಎಂಬ ಲೆಕ್ಕದಲ್ಲಿ ಅದು ಸರಿಯೇ. ಆದರೆ ಹೊಗೆಯಿಲ್ಲದ್ದಕ್ಕೆ ಹಾನಿಯೂ ಇಲ್ಲ ಎಂದು ಕಚೇರಿಗಳು ಓದಿಕೊಂಡವು. ಅದೇ ವರ್ಷ ನವೀಕರಿಸಬಹುದಾದ ಇಂಧನ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ವಾಸದ ಮನೆಯಿಂದ 500 ಮೀಟರ್ ದೂರ ಇರಬೇಕು, ರಸ್ತೆಯಿಂದ ಇಷ್ಟು ದೂರ ಇರಬೇಕು ಎಂಬ ಅಳತೆಗಳಿವೆ. ಅರಣ್ಯ ಭೂಮಿಯಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕು. ಪಟ್ಟಾ ಜಮೀನಾದರೆ ಅದೂ ಬೇಡ. ಅಭಯಾರಣ್ಯಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿ ನವೀಕರಿಸಬಹುದಾದ ಇಂಧನದ ಬಳಕೆಯನ್ನು ಸಾಮಾನ್ಯವಾಗಿ ‘ಉತ್ತೇಜಿಸಬೇಕಾದ ಚಟುವಟಿಕೆ’ ಎಂದೇ ಬರೆದಿರುತ್ತದೆ. ಬರೆದವರ ಮನಸ್ಸಿನಲ್ಲಿದ್ದದ್ದು ಸೌರದೀಪ, ಗೋಬರ್ ಗ್ಯಾಸ್ ಇರಬೇಕು. 120 ಮೀಟರಿನ ಕಂಬ ಇದ್ದಂತಿಲ್ಲ.

ತಮಾಷೆಯ ಸಂಗತಿ ಏನೆಂದರೆ, ಆಕಾಶದ ವಿಚಾರದಲ್ಲಿ ನಾವು ಅಷ್ಟೇನೂ ಅಸಡ್ಡೆಯ ಜನರಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ. ಗಾಳಿಕಂಬದಂಥ ಎತ್ತರದ ರಚನೆ ನಿಲ್ಲಿಸಬೇಕಾದರೆ ರಕ್ಷಣಾ ಇಲಾಖೆಯ, ವಿಮಾನಯಾನದವರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಯಾವ ಮಾರ್ಗದಲ್ಲಿ ಹಾರುತ್ತೀರಿ, ಎಷ್ಟು ಎತ್ತರದಲ್ಲಿ ಹಾರುತ್ತೀರಿ ಎಂದು ವಿಮಾನದವರನ್ನು ಮೊದಲೇ ಕೇಳುತ್ತೇವೆ. ಗಿಡುಗಕ್ಕೂ ಅದೇ ಎರಡು ಪ್ರಶ್ನೆ ಸಾಕು.

ಈಗ ಸತ್ತ ಹಕ್ಕಿಗಳ ಎಣಿಕೆಗೆ ಬರೋಣ. ಇದು ಸುಲಭ ಅನ್ನಿಸುತ್ತದೆ. ಕಂಬದ ಸುತ್ತ ಒಂದು ವೃತ್ತ ಹಾಕಿ ವಾರಕ್ಕೊಮ್ಮೆ ನಡೆದು ನೋಡಿದರಾಯಿತು. ಆದರೆ ಜೂನ್‌ನಲ್ಲಿ ಬಿತ್ತಿದ ತೊಗರಿ ದೀಪಾವಳಿ ಹೊತ್ತಿಗೆ ಆಳೆತ್ತರ ಬೆಳೆದಿರುತ್ತದೆ. ರಾಶಿಯಾಗುವವರೆಗೆ ಆ ಹೊಲದೊಳಗೆ ಬಿದ್ದ ಗುಬ್ಬಚ್ಚಿ ಗಾತ್ರದ ಬಾವಲಿ ಯಾರ ಕಣ್ಣಿಗೆ ಬಿದ್ದೀತು? ಬಿದ್ದದ್ದನ್ನು ನರಿ, ಮುಂಗುಸಿ, ನಾಯಿ, ಕಾಗೆ ಒಂದೇ ರಾತ್ರಿಯಲ್ಲಿ ಒಯ್ಯುತ್ತವೆ. ರೆಕ್ಕೆ ಮುರಿದುಕೊಂಡ ಹಕ್ಕಿ ನಾಲ್ಕು ಹೊಲ ದಾಟಿ ಸಾಯುತ್ತದೆ. ಆದ್ದರಿಂದ ಪ್ರಾಮಾಣಿಕವಾಗಿ ಎಣಿಸುವವರು ಮೊದಲು ತಮ್ಮನ್ನೇ ಪರೀಕ್ಷಿಸಿಕೊಳ್ಳುತ್ತಾರೆ. ಗೊತ್ತಿದ್ದಷ್ಟು ಸತ್ತ ಕೋಳಿಮರಿಗಳನ್ನೋ ಗೌಜುಗಗಳನ್ನೋ ಹೊಲದಲ್ಲಿ ಅಲ್ಲಲ್ಲಿ ಇಟ್ಟು, ಹುಡುಕುವವರಿಗೆ ಎಷ್ಟು ಸಿಕ್ಕವು, ಎಷ್ಟು ದಿನದಲ್ಲಿ ಎಷ್ಟು ಮಾಯವಾದವು ಎಂದು ನೋಡಿ, ಆ ಪ್ರಮಾಣದಲ್ಲಿ ಲೆಕ್ಕ ತಿದ್ದುತ್ತಾರೆ. ಈ ತಿದ್ದುಪಡಿ ಇಲ್ಲದ ವರದಿಯಲ್ಲಿ ‘ಯಾವುದೇ ಸಾವು ಕಂಡುಬಂದಿಲ್ಲ’ ಎಂದು ಬರೆದಿದ್ದರೆ, ಕಂಡುಬಂದಿಲ್ಲ ಎಂಬಷ್ಟು ಮಾತ್ರ ನಿಜ.

ಹಕ್ಕಿಗೆ ಕಣ್ಣಿಲ್ಲವೇ, ತಪ್ಪಿಸಿಕೊಳ್ಳಬಾರದೇ ಎಂದು ಕೇಳುತ್ತಾರೆ. ದೂರದಿಂದ ಫ್ಯಾನ್ ಸೋಮಾರಿಯಂತೆ ತಿರುಗುತ್ತದೆ. ಆದರೆ ಸುಮಾರು 130 ಮೀಟರ್ ಅಗಲದ ಚಕ್ರ ನಿಮಿಷಕ್ಕೆ ಹನ್ನೆರಡು ಸುತ್ತು ಹಾಕಿದರೆ ಅದರ ರೆಕ್ಕೆಯ ತುದಿ ಗಂಟೆಗೆ 290 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತದೆ. ಅಷ್ಟು ವೇಗದ ತುದಿ ಹಕ್ಕಿಯ ಕಣ್ಣಿಗೆ ಮಸುಕಾಗಿಬಿಡುತ್ತದೆ. ಜೊತೆಗೆ ಬೇಟೆಯ ಹಕ್ಕಿ ಹಾರುವಾಗ ನೋಡುವುದು ನೆಲವನ್ನು, ಮುಂದನ್ನಲ್ಲ. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಣಿವೆಯಲ್ಲಿ ಹೊನ್ನ ಹದ್ದುಗಳು ವರ್ಷ ವರ್ಷ ಸತ್ತದ್ದು ಕುರುಡಾಗಿ ಅಲ್ಲ, ಅಳಿಲಿನ ಮೇಲೆ ಕಣ್ಣಿಟ್ಟು.

ನಮ್ಮ ರಾಜ್ಯದ ಲೆಕ್ಕ ಏನು? ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಹೊನ್ನವಳ್ಳಿ ಕುಮಾರ ಮತ್ತು ಸಂಗಡಿಗರು 2016ರ ಜನವರಿಯಿಂದ 2018ರ ಮೇವರೆಗೆ ಮಧ್ಯ ಕರ್ನಾಟಕದ ಹಳೆಯ ಗಾಳಿ ವಿದ್ಯುತ್ ತಾಣಗಳಲ್ಲಿ ಅಧ್ಯಯನ ಮಾಡಿ 2022ರಲ್ಲಿ ಪ್ರಕಟಿಸಿದರು. ಡಿಕ್ಕಿಯಿಂದ ಸಾಯುವ ಪ್ರಾಣಿಗಳು ಒಂದು ಯಂತ್ರಕ್ಕೆ ವರ್ಷಕ್ಕೆ 0.26. ಅಂದರೆ ಒಂದು ಕಂಬಕ್ಕೆ ನಾಲ್ಕು ವರ್ಷಕ್ಕೊಂದು ಸಾವು. ಇಷ್ಟೇ ಓದಿ ಪುಸ್ತಕ ಮುಚ್ಚಿದರೆ ಕಂಪನಿಯವರು ಗೆದ್ದರು. ನೂರು ಕಂಬಕ್ಕೆ ವರ್ಷಕ್ಕೆ 26, ಯಂತ್ರದ ಇಪ್ಪತ್ತೈದು ವರ್ಷದ ಆಯುಷ್ಯಕ್ಕೆ 650 ಎಂದು ಗುಣಿಸಿದರೂ ಅದು ಭಯಂಕರ ಸಂಖ್ಯೆಯೇನಲ್ಲ. ಸತ್ತದ್ದು ಯಾರು ಎಂಬುದು ಬೇರೆ ಮಾತು; ಕಾಗೆ ಸತ್ತರೆ ಮರುವರ್ಷ ಆ ಜಾಗ ತುಂಬುತ್ತದೆ, ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಾವು ಹಿಡಿಯುವ ಹದ್ದು ಸತ್ತರೆ ತುಂಬುವುದಿಲ್ಲ. ಆದರೂ ಆ ಅಧ್ಯಯನದ ತಿರುಳು ಈ ಸಂಖ್ಯೆಯಲ್ಲಿ ಇಲ್ಲ. ಅದೇ ತಂಡ ಯಂತ್ರಗಳಿರುವ ಜಾಗವನ್ನೂ ಯಂತ್ರಗಳಿಲ್ಲದ ಅಂಥದೇ ಜಾಗವನ್ನೂ ಹೋಲಿಸಿ ನೋಡಿತು. ಯಂತ್ರಗಳಿಲ್ಲದ ಕಡೆ ಹಕ್ಕಿಗಳ ಜಾತಿ ಹೆಚ್ಚು, ಸಂಖ್ಯೆಯೂ ಹೆಚ್ಚು. ಚಿಗರಿ, ಚಿಂಕಾರ, ನರಿ, ಕಾಡುಬೆಕ್ಕು ಈ ನಾಲ್ಕೂ ಯಂತ್ರಗಳು ಹೆಚ್ಚಿರುವ ಜಾಗದಲ್ಲಿ ಇರುವ ಸಂಭವ ಕಡಿಮೆ. ಚಿಗರಿ ಫ್ಯಾನಿಗೆ ಡಿಕ್ಕಿ ಹೊಡೆದು ಸಾಯುವ ಪ್ರಾಣಿಯಲ್ಲ. ಅದು ಬರುವುದನ್ನು ಬಿಟ್ಟಿದೆ, ಅಷ್ಟೇ. ಕಂಬದ ಬುಡದಲ್ಲಿ ಹುಡುಕುವವರಿಗೆ ಇದು ಯಾವ ಕಾಲಕ್ಕೂ ಸಿಗುವುದಿಲ್ಲ.

ಇದನ್ನು ಇನ್ನೂ ಒಳಕ್ಕೆ ಹೋಗಿ ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್, ಜೊತೆಗೆ ಅಮೋದ್ ಝಂಬ್ರೆ ಮತ್ತು ಹರ್ಷಲ್ ಭೋಸಲೆ. ಜಾಗ, ಸಾತಾರಾ ಜಿಲ್ಲೆಯ ಚಾಳ್ಕೇವಾಡಿ. ಕೊಯ್ನಾ ಅಭಯಾರಣ್ಯದ ಸೀಮೆಯಲ್ಲಿರುವ ಜಂಬಿಟ್ಟಿಗೆಯ ಮೇಲ್ಬಯಲು. ನಮ್ಮ ಮಡ್ಡಿಯ ಅಣ್ಣ ಎನ್ನಬಹುದು. ಅಲ್ಲಿ ಯಂತ್ರಗಳು ಬಂದು ಆಗಲೇ ಬಹಳ ವರ್ಷವಾಗಿತ್ತು. 2018ರಲ್ಲಿ ಪ್ರಕಟವಾದ ಅವರ ಬರಹ ಹೇಳಿದ್ದು ಇದು: ಫ್ಯಾನ್ ಇರುವ ಕಡೆ ಬೇಟೆಯ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ನೆಲದ ಮೇಲಿನ ಪ್ರಾಣಿಗೆ ಎರಗುವುದೂ ಕಡಿಮೆ. ಎರಗುವವರಿಲ್ಲದ್ದರಿಂದ, ಗಂಟಲಿನಲ್ಲಿ ನೀಲಿ ಕಿತ್ತಳೆ ಬಣ್ಣದ ಬೀಸಣಿಗೆ ಬಿಚ್ಚುವ ಒಂದು ಜಾತಿಯ ಓತಿಕ್ಯಾತಗಳ ಸಂಖ್ಯೆ ಸುಮಾರು ಮೂರು ಪಟ್ಟು ಏರಿತ್ತು.

ಓತಿಗಳಿಗೆ ಸುಗ್ಗಿ ಎಂದುಕೊಳ್ಳಬೇಡಿ. ಹೆಚ್ಚಾದವು, ಆದರೆ ಮೈಕೈ ಬಡಕಲಾದವು, ಹುಳಹುಪ್ಪಟೆಗೆ ಪೈಪೋಟಿ ಬಿತ್ತು. ಗಂಡುಗಳ ಗಂಟಲ ಬಣ್ಣ ಮಾಸಿತ್ತು. ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ ಇತ್ತು. ಮನುಷ್ಯ ತೀರ ಹತ್ತಿರ ಬರುವವರೆಗೆ ಅವು ಓಡುತ್ತಲೇ ಇರಲಿಲ್ಲ. ಗಾಳಿಯಂತ್ರ ಅಲ್ಲಿ ಎಲ್ಲರಿಗಿಂತ ಮೇಲಿನ ಬೇಟೆಗಾರನ ಹಾಗೆ ಕೆಲಸ ಮಾಡುತ್ತಿದೆ ಎಂದು ಅವರು ವಾದಿಸಿದರು. ಒಂದು ಓತಿಯನ್ನೂ ಮುಟ್ಟದೆ ಓತಿಯ ಬಣ್ಣವನ್ನೇ ಬದಲಿಸಿತು. ಹದ್ದು ಹೋದ ಕಡೆ ನೆಲದ ಓತಿಯವರೆಗೆ ಪರಿಣಾಮ ಇಳಿಯುತ್ತದೆ ಎಂಬುದನ್ನು ತೋರಿಸಲು ಅವರಿಗೆ ಬೇಕಾದದ್ದು ಹೆಣದ ಎಣಿಕೆಯಲ್ಲ, ಹೋಲಿಸಲು ಫ್ಯಾನ್ ಇಲ್ಲದ ಇನ್ನೊಂದು ಬಯಲು.

ಇಲ್ಲಿ ರೈತರು ಒಂದು ಪ್ರಶ್ನೆ ಕೇಳಬೇಕು, ಕೇಳದಿದ್ದರೆ ನಾನೇ ಕೇಳುತ್ತೇನೆ. ‘ಚಿಗರಿ ಬರೋದು ಬಿಟ್ರೆ ಒಳ್ಳೇದೇ ಆಯ್ತಲ್ರೀ? ಸೋಯಾ ಮೊಳಕೆ ಉಳೀತು, ಜೋಳ ಉಳೀತು.’ ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವ ಪರಿಸರದವರ ಬಗ್ಗೆ ನನಗೆ ಗೌರವ ಕಡಿಮೆ. ರಾತ್ರಿಯಿಡೀ ಹೊಲ ಕಾಯುವ ಕಷ್ಟ ಅವರಿಗೆ ಗೊತ್ತಿಲ್ಲ. ಆದರೆ ಯೋಚಿಸಿ: ಮಡ್ಡಿ ಬಿಟ್ಟ ಚಿಗರಿ ಗಾಳಿಯಲ್ಲಿ ಕರಗುವುದಿಲ್ಲ. ಮೇಯಲು, ಮರಿ ಹಾಕಲು ಅದಕ್ಕಿದ್ದ ಕಲ್ಲುನೆಲ, ಗಾಯರಾಣ ಕೈತಪ್ಪಿದರೆ ಅದಕ್ಕೆ ಉಳಿಯುವುದು ಪಕ್ಕದ ಊರಿನ ಎರಿ ಹೊಲ. ಒಬ್ಬನಿಗೆ ಕಂಬದ ಬಾಡಿಗೆ, ಇನ್ನೊಬ್ಬನಿಗೆ ಚಿಗರಿಯ ಕಾಟ. ಮಾಪನ ಮಾಡುವವರು ಫ್ಯಾನಿನ ಸುತ್ತಳತೆಯಲ್ಲಿ ಮಾತ್ರವಲ್ಲ, ಹತ್ತು ಹದಿನೈದು ಕಿಲೋಮೀಟರ್ ಆಚೆಯ ಬೆಳೆಹಾನಿ ಅರ್ಜಿಗಳನ್ನೂ ನೋಡಬೇಕು ಎನ್ನುವುದು ಅದಕ್ಕೇ.

ಉಳಿದ ಹಾನಿಗಳನ್ನು ಬೇಗ ಹೇಳಿಬಿಡುತ್ತೇನೆ. ವಿದ್ಯುತ್ ಸಾಗಿಸುವ ತಂತಿ ಕೆಲವೊಮ್ಮೆ ಫ್ಯಾನಿಗಿಂತ ಕೆಟ್ಟದ್ದು. ಎರೆಬೂತದಂಥ ಭಾರದ ಹಕ್ಕಿಗೆ ಎದುರಿನ ತಂತಿ ಕಂಡರೂ ಥಟ್ಟನೆ ತಿರುಗಲಾಗದು. ಈ ಕಾರಣಕ್ಕೇ 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನಲ್ಲಿ ತಂತಿಗಳನ್ನು ನೆಲದಡಿಗೆ ಹಾಕಿ ಎಂದಿತು, 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಈ ಹಕ್ಕಿಯ ಕೊನೆಯ ನೆಲೆ ಬಳ್ಳಾರಿಯ ಸಿರಗುಪ್ಪ. ಇನ್ನು ರಸ್ತೆ: ಅರವತ್ತು ಮೀಟರಿಗೂ ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕೆಂದರೆ ಮಡ್ಡಿಯ ಅಂಚನ್ನು ಕಡಿಯಲೇಬೇಕು. ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಕಪ್ಪುಕಲ್ಲಿಗೆ ತಾಗಿ ಅಂಚಿನಲ್ಲಿ ಒಸರುತ್ತದೆ. ಬೀದರಿನ ಝರಣಿಗಳೂ ನೌಬಾದಿನ ಸುರಂಗ ಬಾವಿಯೂ ಇದೇ ಗುಟ್ಟಿನ ಮೇಲೆ ನಿಂತವು. ಕಡಿದ ಅಂಚಿನಲ್ಲಿ ಒಸರು ಏನಾಯಿತು ಎಂಬುದನ್ನೂ ಅಂದಾಜಿನಲ್ಲಿ ಸೇರಿಸಬೇಕು.

ಹಾಗಾದರೆ ಅಂದಾಜು ಹೇಗಿರಬೇಕು? ನಾನು ಒಂದೇ ಷರತ್ತನ್ನು ಹಿಡಿದು ಕೂರುತ್ತೇನೆ: ಮೊದಲ ಗುಂಡಿ ತೋಡುವ ಮುಂಚೆ ಕನಿಷ್ಠ ಎರಡು ಚಳಿಗಾಲ, ಎರಡು ಮಳೆಗಾಲದ ಲೆಕ್ಕ ಕೈಯಲ್ಲಿರಬೇಕು. ಅದೂ ಎರಡು ಜಾಗದ ಲೆಕ್ಕ. ಕಂಬ ಬರುವ ಜಾಗದ್ದು, ಅಂಥದೇ ಆದರೆ ಕಂಬ ಬಾರದ ಜಾಗದ್ದು. ಕಂಬ ಬಂದ ಮೇಲೆ ಎರಡನ್ನೂ ಮತ್ತೆ ಅಳೆಯಬೇಕು. ಆಗ ಮಾತ್ರ ಬರಗಾಲದಿಂದ ಹೋದದ್ದು ಎಷ್ಟು, ಫ್ಯಾನಿನಿಂದ ಹೋದದ್ದು ಎಷ್ಟು ಎಂದು ಬೇರ್ಪಡಿಸಬಹುದು. ಮಧ್ಯ ಕರ್ನಾಟಕದಲ್ಲಾಗಲಿ ಚಾಳ್ಕೇವಾಡಿಯಲ್ಲಾಗಲಿ ವಿಜ್ಞಾನಿಗಳು ಹೋದದ್ದು ಯಂತ್ರ ನಿಂತು ಎಷ್ಟೋ ವರ್ಷವಾದ ಮೇಲೆ. ಮುಂಚಿನ ಲೆಕ್ಕ ಅವರಿಗೂ ಸಿಗಲಿಲ್ಲ, ಅದಕ್ಕಾಗಿ ಪಕ್ಕದ ಬಯಲನ್ನು ಹುಡುಕಬೇಕಾಯಿತು. ಇನ್ನು ಒಂದು ಬೇಸಿಗೆಯಲ್ಲಿ ಹದಿನೈದು ದಿನ ಬಂದು ಮಾಡಿದ ಸಮೀಕ್ಷೆಗೆ ಹ್ಯಾರಿಯರ್ ಕಾಣುವುದೇ ಇಲ್ಲ. ಅವು ಏಪ್ರಿಲ್ ಮುಗಿಯುವುದರೊಳಗೆ ಊರು ಬಿಟ್ಟಿರುತ್ತವೆ. ಸಮೀಕ್ಷೆ ಮಾಡುವವರಿಗೆ ಹಣ ಕಂಪನಿಯದೇ ಆಗಲಿ, ಆದರೆ ಅದು ಜಿಲ್ಲಾಡಳಿತದ ಕೈಯಿಂದ ಹೋಗಲಿ, ವರದಿ ಕನ್ನಡದಲ್ಲಿ ಪಂಚಾಯ್ತಿಗೆ ಬರಲಿ. ಮತ್ತು ಒಂದೊಂದು ಕಂಪನಿಯ ಇಪ್ಪತ್ತಿಪ್ಪತ್ತು ಕಂಬಗಳನ್ನು ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ನಿರುಪದ್ರವಿಯೇ. ತಾಲ್ಲೂಕಿನ ಎಲ್ಲ ಕಂಬಗಳನ್ನೂ ಒಂದೇ ನಕ್ಷೆಯಲ್ಲಿ ಹಾಕಿ ನೋಡಬೇಕು.

ಮೊದಲೇ ಅಳೆಯದೆ ತಡಮಾಡಿದರೆ ತೆರಬೇಕಾದ ಬೆಲೆ ಏನೆಂದು ಕಪ್ಪತಗುಡ್ಡದ ಕಥೆ ಹೇಳುತ್ತದೆ. ಅದು 2015ರಲ್ಲಿ ಸಂರಕ್ಷಿತ ಪ್ರದೇಶವಾಯಿತು, 2016ರಲ್ಲಿ ಆ ಸ್ಥಾನ ಹೋಯಿತು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಜನರೊಡನೆ ನಿಂತ ಹೋರಾಟದ ನಂತರ 2017ರಲ್ಲಿ ಮರಳಿತು, 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿ ಧಾಮವಾಯಿತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಅದಕ್ಕೂ ಮುಂಚೆ ಬಂದಿದ್ದವು. ಕಾಪಾಡಬೇಕಾದ ನೆಲ ಎಂದು ನಿರ್ಧಾರವಾಗುವ ಹೊತ್ತಿಗೆ ಯಂತ್ರವಿಲ್ಲದ ಕಪ್ಪತಗುಡ್ಡದಲ್ಲಿ ಏನಿತ್ತು ಎಂದು ಅಳೆಯುವ ಅವಕಾಶ ಮುಗಿದುಹೋಗಿತ್ತು.

ಪರಿಹಾರಗಳಿಲ್ಲವೇ? ಇವೆ, ಕೆಲವು ಅಗ್ಗದವೂ ಹೌದು. ನಾರ್ವೆಯ ಸ್ಮೊಲಾ ದ್ವೀಪದಲ್ಲಿ ಬಿಳಿಬಾಲದ ಕಡಲ ಹದ್ದುಗಳು ಸಾಯುತ್ತಿದ್ದಾಗ, ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ನೋಡಿದರು. ಬಳಿದ ಯಂತ್ರಗಳಲ್ಲಿ ಹಕ್ಕಿಗಳ ಸಾವು ಶೇಕಡ 70ಕ್ಕಿಂತ ಹೆಚ್ಚು ಇಳಿಯಿತು. ಬಳಿದದ್ದು ನಾಲ್ಕೇ ಯಂತ್ರಕ್ಕೆ, ಆದ್ದರಿಂದ ಅದನ್ನೇ ವೇದವಾಕ್ಯ ಮಾಡಬೇಡಿ. ನಮ್ಮಲ್ಲಿ ಅರಣ್ಯ ಭೂಮಿಗೆ ಕೊಡುವ ಅನುಮತಿಯ ಷರತ್ತಿನಲ್ಲಿ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ ಬಳಿಯಿರಿ ಎಂದಿದೆ. ಅದು ಎಷ್ಟು ಹಕ್ಕಿಗಳನ್ನು ಉಳಿಸಿತು ಎಂದು ಯಂತ್ರದವರನ್ನೂ ಇಲಾಖೆಯನ್ನೂ ಕೇಳಿ ನೋಡಿ. ಬಾವಲಿಗಳಿಗೆ ಬೇರೆ ದಾರಿ. ಅವು ಹಾರುವುದು ಗಾಳಿ ಮಂದವಾಗಿದ್ದಾಗ, ವಿದ್ಯುತ್ತೂ ಕಡಿಮೆ ಬರುವ ಹೊತ್ತಿನಲ್ಲಿ. ಗಾಳಿಯ ವೇಗ ಸೆಕೆಂಡಿಗೆ ಐದು ಮೀಟರ್ ಮುಟ್ಟುವವರೆಗೆ ರಾತ್ರಿ ಫ್ಯಾನ್ ತಿರುಗಿಸದಿದ್ದರೆ ಬಾವಲಿಗಳ ಸಾವು ಅರ್ಧಕ್ಕರ್ಧ ಇಳಿಯುತ್ತದೆ, ವರ್ಷದ ಉತ್ಪಾದನೆಯಲ್ಲಿ ನಷ್ಟ ಶೇಕಡ ಒಂದರ ಆಸುಪಾಸು ಎಂದು ಅಮೆರಿಕದ ಪ್ರಯೋಗಗಳು ತೋರಿಸಿವೆ. ರಾತ್ರಿ ಪತಂಗ ತಿನ್ನುವ ಬಾವಲಿ ತೊಗರಿ ಬೆಳೆಯುವ ಜಿಲ್ಲೆಗೆ ಬೇಡವಾದ ಪ್ರಾಣಿಯಲ್ಲ. ಆದರೆ ಇವೆಲ್ಲ ಜಾಗ ಆರಿಸಿದ ಮೇಲಿನ ಉಪಚಾರ. ಚಿಗರಿ ಬರುವುದು ಬಿಟ್ಟದ್ದನ್ನು ಯಾವ ಬಣ್ಣವೂ ಸರಿಪಡಿಸದು. ಅದಕ್ಕೆ ಇರುವುದು ಜಾಗದ ಆಯ್ಕೆ ಒಂದೇ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ದಾಖಲಾತಿ ಮರಗಿಡಗಳ ಪಟ್ಟಿಯಾಗಿ ಕಪಾಟಿನಲ್ಲಿ ಕೂರಬೇಕಾಗಿಲ್ಲ. ನಿಮ್ಮ ಊರಿನ ಸರ್ವೆ ನಂಬರಿನ ನಕ್ಷೆ ತೆಗೆದುಕೊಳ್ಳಿ. ಚಿಗರಿ ಯಾವ ತಿಂಗಳು ಯಾವ ನಂಬರಿನಲ್ಲಿ ಮಲಗುತ್ತದೆ, ಮರಿ ಎಲ್ಲಿ ಹಾಕುತ್ತದೆ, ಸಂಜೆ ಗಿಡುಗಗಳು ಯಾವ ಹುಲ್ಲಿಗೆ ಇಳಿಯುತ್ತವೆ, ತೋಳದ ಗವಿ ಯಾವ ಹಳ್ಳದ ದಂಡೆಯಲ್ಲಿದೆ, ಬಾವಲಿ ಯಾವ ಹಳೆಯ ಗುಮ್ಮಟದಿಂದ ಹೊರಡುತ್ತದೆ. ಕುರಿ ಕಾಯುವವರಿಗೆ ಇದೆಲ್ಲ ಗೊತ್ತು, ಯಾರೂ ಅವರನ್ನು ಕೇಳಿಲ್ಲ. ಗವಿಯ ಜಾಗವನ್ನು ಮಾತ್ರ ಊರೆಲ್ಲ ಸಾರಬೇಡಿ, ಸಮಿತಿಯ ಕಡತದಲ್ಲಿರಲಿ. ಕಾಲೇಜಿನ ಹುಡುಗ ಹುಡುಗಿಯರು ಹಕ್ಕಿಗಳ ಪಟ್ಟಿಯನ್ನು ದಿನಾಂಕ ಸಮೇತ ಇ-ಬರ್ಡ್‌ಗೆ ಸೇರಿಸಿದರೆ ನಾಳೆ ಯಾವ ವಿಜ್ಞಾನಿಯೂ ಅದನ್ನು ಅಲ್ಲಗಳೆಯಲಾಗದು. ಈ ವರ್ಷದ ನವೆಂಬರಿನಲ್ಲಿ ಶುರುಮಾಡಿ ಎರಡು ಚಳಿಗಾಲ, ಎರಡು ಮಳೆಗಾಲ ದಾಟಿಸಿದರೆ, ಕಾನೂನು ಯಾರಿಂದಲೂ ಕೇಳದ ಆ ಮುಂಚಿನ ಲೆಕ್ಕ ಪಂಚಾಯ್ತಿಯ ಕೈಯಲ್ಲಿರುತ್ತದೆ. ಜಮೀನು ಕೇಳಿಕೊಂಡು ಕಂಪನಿಯ ಕಡೆಯವರು ಬಂದ ದಿನ ಅದನ್ನು ಮೇಜಿನ ಮೇಲಿಡಿ. ಯಾವ ಸರ್ವೆ ನಂಬರು ಬೇಡ, ಯಾವುದು ಆಗಬಹುದು ಎಂದು ನೀವೇ ಹೇಳಬಹುದು.

ನನಗೆ ಕೊಟ್ಟ ಸಮಯ ಮುಗಿಯಿತು. ಬಾಡಿಗೆ ಕರಾರಿನ ಬಗ್ಗೆ, ಕಂಬದ ಸದ್ದಿನ ಬಗ್ಗೆ ಕೆಲವರು ಚೀಟಿ ಕಳಿಸಿದ್ದೀರಿ. ಮೊದಲು ಅವುಗಳಿಗೆ ಉತ್ತರ ಹೇಳುತ್ತೇನೆ.